ಸಾರ್ವಜನಿಕ ಕಿರುತೆರೆಯಲ್ಲಿ ಧರ್ಮ: ಒಂಬತ್ತನೆಯ ಆಜ್ಞೆಯ ಬೆಳಕಿನಲ್ಲಿ

ಕ್ರಿಸ್ತಜಯಂತಿ ಸಮೀಪಿಸಿದಾಗ ನಮ್ಮ ಸಭೆಗಳಲ್ಲಿ ಕೇಳಿಬರುವ ಪ್ರಶ್ನೆಯೊಂದಿದೆ: ಈ ಸಲ ದೂರದರ್ಶನದವರು ನಮಗೆ ಎಷ್ಟು ಹೊತ್ತು ಕೊಟ್ಟಿದ್ದಾರೆ? ಮಧ್ಯರಾತ್ರಿಯ ಆರಾಧನೆ, ಬಿಷಪರ ಸಂದೇಶ, ಗಾಯಕವೃಂದದ ನಾಲ್ಕು ಹಾಡು, ಶುಭಶುಕ್ರವಾರದಂದು ಮತ್ತೆ ಅರ್ಧ ಗಂಟೆ. ದೊರೆತರೆ ಕೃತಜ್ಞತೆ, ದೊರೆಯದಿದ್ದರೆ ಗೊಣಗಾಟ. ಕೃತಜ್ಞತೆಯೂ ಗೊಣಗಾಟವೂ ಹುಟ್ಟುವುದು ಒಂದೇ ತಿಳಿವಳಿಕೆಯಿಂದ. ಸಾರ್ವಜನಿಕ ಪ್ರಸಾರದ ಕಾಲಾವಕಾಶವು ಹಿರಿಯರು ಬಿಟ್ಟುಹೋದ ಜಮೀನಿನಂತೆ. ಅದರಲ್ಲಿ ಪ್ರತಿಯೊಂದು ಮತಕ್ಕೂ ತಕ್ಕ ಪಾಲು ಸಲ್ಲಬೇಕು ಎಂಬುದೇ ಆ ತಿಳಿವಳಿಕೆ. ಲೆಕ್ಕದ ದೃಷ್ಟಿಯಿಂದ ಇದು ನಮಗೆ ನಷ್ಟದ ವ್ಯವಹಾರ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಸಂಖ್ಯೆಗೆ ತಕ್ಕ ಪಾಲು ಕೇಳಿದವನಿಗೆ ಸಂಖ್ಯೆಗೆ ತಕ್ಕಷ್ಟೇ ಸಿಗುತ್ತದೆ. ಲಾಭನಷ್ಟವನ್ನು ಬದಿಗಿಟ್ಟು, ಈ ತಿಳಿವಳಿಕೆ ದೈವಶಾಸ್ತ್ರದ ಮುಂದೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದು ಇಲ್ಲಿನ ಉದ್ದೇಶ.

ನಿಲ್ಲುವುದಿಲ್ಲ ಎಂಬುದೇ ನನ್ನ ವಾದ. ಸಾರ್ವಜನಿಕ ಕಿರುತೆರೆಯ ಧಾರ್ಮಿಕ ಕಾರ್ಯಕ್ರಮವನ್ನು ಅಳೆಯಲು ಸಭೆಯ ಕೈಯಲ್ಲಿರುವ ಸರಿಯಾದ ಅಳತೆಗೋಲು ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ. (ಕಥೋಲಿಕರೂ ಲೂಥರನರೂ ಅದನ್ನು ಎಂಟನೆಯದೆಂದು ಎಣಿಸುತ್ತಾರೆ, ಎಣಿಕೆ ಬೇರೆ, ಆಜ್ಞೆ ಒಂದೇ.) ಲೂಥರನು ತನ್ನ ಚಿಕ್ಕ ಪ್ರಶ್ನೋತ್ತರಿಯಲ್ಲಿ ಈ ಆಜ್ಞೆಯನ್ನು ಬರಿಯ ನಿಷೇಧವಾಗಿ ಬಿಡಲಿಲ್ಲ. ನೆರೆಯವನ ಪರವಾಗಿ ಮಾತನಾಡುವುದು, ಅವನ ನಡತೆಗೆ ಸಾಧ್ಯವಾದಷ್ಟು ಒಳ್ಳೆಯ ಅರ್ಥ ಕೊಡುವುದು ಕ್ರೈಸ್ತನ ಕರ್ತವ್ಯವೆಂದು ಅದನ್ನು ವಿಸ್ತರಿಸಿದ. ಕ್ಯಾಲ್ವಿನನು ಇನ್ನೂ ಮುಂದೆ ಹೋಗಿ, ಚಾಡಿಯನ್ನು ಆಸೆಯಿಂದ ಕೇಳುವ ಕಿವಿಯನ್ನೂ ಈ ಆಜ್ಞೆಯ ವ್ಯಾಪ್ತಿಗೆ ತಂದ. ಕಿರುತೆರೆಯ ಕಾಲದಲ್ಲಿ ಇದಕ್ಕೆ ನೋಡುವ ಕಣ್ಣನ್ನೂ ಸೇರಿಸಿಕೊಳ್ಳಬೇಕು.

ಸಾರ್ವಜನಿಕ ಸೇವೆಯ ಪ್ರಸಾರ ಎಂಬ ಕಲ್ಪನೆ ನಮ್ಮಲ್ಲಿಗೆ ಬಂದದ್ದು ಬ್ರಿಟನ್ನಿನಿಂದ. ಅದನ್ನು ರೂಪಿಸಿದ ಜಾನ್ ರೀತ್ ಸ್ಕಾಟ್ಲೆಂಡಿನ ಪಾದ್ರಿಯೊಬ್ಬರ ಮಗ. 1922ರಲ್ಲಿ ಹುಟ್ಟಿದ ಬಿಬಿಸಿಗೆ ಆತ ಭಾನುವಾರದ ಗಾಂಭೀರ್ಯವನ್ನು ಕಲಿಸಿದ. 1928ರ ಜನವರಿಯಿಂದ ರೇಡಿಯೊದಲ್ಲಿ ದಿನನಿತ್ಯದ ಆರಾಧನೆ ಆರಂಭವಾಯಿತು. ಟೆಲಿವಿಷನ್ ಬಂದ ಮೇಲೆ ಬಿಬಿಸಿಯೂ ಅದರ ವಾಣಿಜ್ಯ ಪ್ರತಿಸ್ಪರ್ಧಿಯೂ ಭಾನುವಾರ ಸಂಜೆ ಸುಮಾರು ಎಪ್ಪತ್ತು ನಿಮಿಷಗಳನ್ನು ಧಾರ್ಮಿಕ ಕಾರ್ಯಕ್ರಮಗಳಿಗೆಂದೇ ಬೇಲಿ ಹಾಕಿ ಕಾಯ್ದಿಟ್ಟವು. ಜನ ಅದನ್ನು ‘ಗಾಡ್ ಸ್ಲಾಟ್’ ಎಂದು, ಅಂದರೆ ದೇವರಿಗೆ ಬಿಟ್ಟ ಹೊತ್ತು ಎಂದು, ಲೇವಡಿ ಮಾಡಿದರು. 1970ರ ದಶಕದಲ್ಲಿ ಆ ಬೇಲಿ ಬಿತ್ತು. ಅಲ್ಲಿನ ಸಭೆಗಳಲ್ಲಿ ಅನೇಕರು ಅದಕ್ಕಾಗಿ ಮರುಗಿದರು. ಮರುಗಬೇಕಾದದ್ದು ಅಷ್ಟೇನೂ ಇರಲಿಲ್ಲವೆಂದು ನನಗೆ ತೋರುತ್ತದೆ. ಬೇಲಿಯು ಬೆಳೆಯನ್ನು ಕಾಯುವಂತೆ ದನವನ್ನು ಕಟ್ಟಿಹಾಕಲೂ ಬಲ್ಲುದು. ಎಪ್ಪತ್ತು ನಿಮಿಷ ದೇವರದಾದರೆ ವಾರದ ಉಳಿದ ಹೊತ್ತೆಲ್ಲ ಯಾರದು ಎಂಬ ಪ್ರಶ್ನೆಯನ್ನು ಆ ಏರ್ಪಾಡು ಕೇಳಗೊಡುತ್ತಿರಲಿಲ್ಲ.

ಬಿಬಿಸಿಯ ಧಾರ್ಮಿಕ ವಿಭಾಗದ ಚರಿತ್ರೆಯಲ್ಲಿ ನೆನಪಿನಲ್ಲಿ ಉಳಿಯುವ ಕೃತಿಗಳು ವಾಡಿಕೆಯ ಆರಾಧನೆಯ ಪ್ರಸಾರಗಳಲ್ಲ. 1941–42ರಲ್ಲಿ ಡೊರೊಥಿ ಸೇಯರ್ಸ್ ಬರೆದ ‘ದಿ ಮ್ಯಾನ್ ಬಾರ್ನ್ ಟು ಬಿ ಕಿಂಗ್’ ಎಂಬ ರೇಡಿಯೊ ನಾಟಕಮಾಲೆಯಲ್ಲಿ ಕ್ರಿಸ್ತನೂ ಶಿಷ್ಯರೂ ದಿನಬಳಕೆಯ ಇಂಗ್ಲಿಷಿನಲ್ಲಿ ಮಾತನಾಡಿದರು. ಪ್ರಸಾರವಾಗುವ ಮೊದಲೇ ಸಬ್ಬತ್ತಿನ ಆಚರಣೆಯ ಪರ ನಿಂತಿದ್ದ ಸಂಘವೊಂದು ಪ್ರತಿಭಟಿಸಿತು. ಒಬ್ಬ ನಟನ ಬಾಯಿಂದ ಪ್ರಭುವಿನ ಮಾತು ಬರುವುದು ದೇವದೂಷಣೆಯೆಂಬುದು ಅವರ ಅಳುಕು. ಆದರೆ ಚರ್ಚಿನ ಮೆಟ್ಟಿಲು ಹತ್ತದ ಸಾವಿರಾರು ಮನೆಗಳಲ್ಲಿ ಸುವಾರ್ತೆಯನ್ನು ಸುದ್ದಿಯಂತೆ ಕೇಳುವಂತೆ ಮಾಡಿದ್ದು ಆ ನಾಟಕವೇ.

ಇನ್ನೊಂದು ನಿದರ್ಶನ ಹತ್ತಿರದ ಕಾಲದ್ದು. ‘ಸಾಂಗ್ಸ್ ಆಫ್ ಪ್ರೇಯ್ಸ್’ 1961ರ ಅಕ್ಟೋಬರಿನಲ್ಲಿ ಕಾರ್ಡಿಫ್ ನಗರದ ಬ್ಯಾಪ್ಟಿಸ್ಟ್ ದೇವಾಲಯವೊಂದರಿಂದ ಆರಂಭವಾದ ಸ್ತೋತ್ರಗೀತೆಗಳ ಕಾರ್ಯಕ್ರಮ. ಭಾನುವಾರದ ಚಹಾದೊಡನೆ ಹಳೆಯ ಕೀರ್ತನೆಗಳನ್ನು ಗುನುಗುವ ಹಿರಿಯರ ಅಚ್ಚುಮೆಚ್ಚು. 2015ರ ಆಗಸ್ಟಿನಲ್ಲಿ ಅದೇ ಕಾರ್ಯಕ್ರಮ ಫ್ರಾನ್ಸಿನ ಕಲೇ ಬಂದರಿನ ವಲಸಿಗರ ಶಿಬಿರಕ್ಕೆ ಹೋಯಿತು. ಇಂಗ್ಲೆಂಡಿಗೆ ದಾಟಲು ಕಾದಿದ್ದ ಇಥಿಯೋಪಿಯಾ, ಎರಿಟ್ರಿಯಾಗಳ ಕ್ರೈಸ್ತರು ಅಲ್ಲಿ ಮರ ಮತ್ತು ಟಾರ್ಪಾಲಿನಿಂದ ದೇವಾಲಯವೊಂದನ್ನು ಕಟ್ಟಿಕೊಂಡಿದ್ದರು. ಲೈಸೆನ್ಸ್ ಶುಲ್ಕದ ಹಣದಲ್ಲಿ ಇದೆಂತಹ ರಾಜಕೀಯ ಎಂದು ಕೆಲವು ಪತ್ರಿಕೆಗಳು ಕೆಂಡಕಾರಿದವು. ಮುಂದೆ ಆ ದೇವಾಲಯವನ್ನು ಕೆಡವಲಾಯಿತು. ಆ ದಿನ ಪ್ರಸಾರವಾದದ್ದೂ ಕ್ರೈಸ್ತರ ಹಾಡುಗಳೇ. ಆದರೆ ಸುದ್ದಿವಾಹಿನಿಗಳಲ್ಲಿ ಬರಿಯ ಗುಂಪಾಗಿ, ಬೆದರಿಕೆಯಾಗಿ ಕಾಣುತ್ತಿದ್ದ ಜನರು ಅಲ್ಲಿ ಮುಖವುಳ್ಳ ಮನುಷ್ಯರಾಗಿ, ಮಂಡಿಯೂರಿದ ಸಹೋದರರಾಗಿ ಕಂಡರು. ನೆರೆಯವನ ಬಗೆಗೆ ನಡೆಯುತ್ತಿದ್ದ ಸುಳ್ಳುಸಾಕ್ಷಿಯನ್ನು ಒಂದು ಸ್ತೋತ್ರದ ಕಾರ್ಯಕ್ರಮ ತಡೆದು ನಿಲ್ಲಿಸಿತು.

ಆರಾಧನೆಯ ಪ್ರಸಾರದ ವಿಷಯದಲ್ಲಿ ಹಿಂದೆ ಇದ್ದ ಸಂಕೋಚವನ್ನು ನಾವು ಮರೆತಿದ್ದೇವೆ. 1953ರ ಜೂನ್ 2ರಂದು ಎರಡನೆಯ ಎಲಿಜಬೆತ್ತಳ ಪಟ್ಟಾಭಿಷೇಕವನ್ನು ಬ್ರಿಟನ್ನಿನಲ್ಲಿ ಎರಡು ಕೋಟಿಯಷ್ಟು ಜನ ಪರದೆಯಲ್ಲಿ ನೋಡಿದರು. ಕ್ಯಾಮೆರಾಗಳಿಗೆ ಎಲ್ಲವೂ ಕಂಡಿತು, ಎರಡನ್ನು ಬಿಟ್ಟು: ತೈಲಾಭಿಷೇಕ ಮತ್ತು ಪ್ರಭುಭೋಜನ. 2023ರಲ್ಲಿ ಆಕೆಯ ಮಗನ ಪಟ್ಟಾಭಿಷೇಕದಲ್ಲಿಯೂ ಅಭಿಷೇಕದ ಹೊತ್ತಿಗೆ ಪರದೆ ಅಡ್ಡ ಬಂದಿತು. ಅದೇ 1950ರ ದಶಕದಲ್ಲಿ ಕಾರ್ಲ್ ರಾನರ್ ಬಲಿಪೂಜೆಯನ್ನು ಟೆಲಿವಿಷನ್ನಿನಲ್ಲಿ ತೋರಿಸುವುದನ್ನು ವಿರೋಧಿಸಿ ಬರೆದ. ದೀಕ್ಷಾಸ್ನಾನ ಪಡೆಯದವರನ್ನು ಪವಿತ್ರ ರಹಸ್ಯದ ಮುಂದೆ ನಿಲ್ಲಿಸದ ಆದಿಸಭೆಯ ಶಿಸ್ತನ್ನು ಆತ ನೆನಪಿಸಿದ. ನಂಬಿಕೆಯೂ ಪಾಲ್ಗೊಳ್ಳುವಿಕೆಯೂ ಇಲ್ಲದೆ ಬರಿಯ ಕುತೂಹಲದ ಕಣ್ಣಿಗೆ ಒಡ್ಡಬಾರದ ಸಂಗತಿಗಳಿವೆ ಎಂಬುದು ಆತನ ನಿಲುವು.

ಇದಕ್ಕೆ ಎದುರುಮಾತೂ ಇದೆ, ಅದು ಹಗುರವಾದುದಲ್ಲ. 12ನೆಯ ಪಿಯೂಸ್ ಜಗದ್ಗುರುಗಳು 1958ರಲ್ಲಿ ಅಸಿಸಿಯ ಸಂತ ಕ್ಲಾರಾಳನ್ನು ಟೆಲಿವಿಷನ್ನಿನ ಪಾಲಕಿಯೆಂದು ಘೋಷಿಸಿದರು. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಆಕೆಗೆ ಕ್ರಿಸ್ತಜಯಂತಿಯ ರಾತ್ರಿಯ ಆರಾಧನೆ ಕಣ್ಣಿಗೆ ಕಂಡು ಕಿವಿಗೆ ಕೇಳಿಸಿತೆಂಬ ಐತಿಹ್ಯವೇ ಅದಕ್ಕೆ ಕಾರಣ. ಹಾಸಿಗೆ ಹಿಡಿದವರಿಗೆ, ಸೆರೆಮನೆಯಲ್ಲಿರುವವರಿಗೆ, 2020ರಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದ್ದಾಗ ನಮಗೆಲ್ಲರಿಗೂ ಪರದೆಯ ಆರಾಧನೆ ಕರುಣೆಯ ಕಾರ್ಯವಾಗಿತ್ತು. ಆದರೆ ಈ ಕರುಣೆಯ ಕಾರ್ಯ ಸಭೆಯೇ ಮಾಡಬೇಕಾದದ್ದು, ಇಂದು ಮಾಡಬಲ್ಲದ್ದು. ಕೈಯಲ್ಲಿನ ಮೊಬೈಲಿನಿಂದ ಹಳ್ಳಿಯ ಸಭೆಯೊಂದು ತನ್ನ ಭಾನುವಾರದ ಆರಾಧನೆಯನ್ನು ಊರು ಬಿಟ್ಟುಹೋದವರಿಗೆ ತಲುಪಿಸುವ ಈ ದಿನಗಳಲ್ಲಿ, ಅದಕ್ಕಾಗಿ ಸರಕಾರದ ಪ್ರಸಾರಸಂಸ್ಥೆಯ ಮುಂದೆ ಕೈಚಾಚುವ ಅಗತ್ಯವೇನು?

ಈ ಎರಡು ಮಾತುಗಳನ್ನು, ಅಂದರೆ ಮುಖ ತೋರಿಸುವ ಕಾರ್ಯಕ್ರಮದ ಶಕ್ತಿಯನ್ನೂ ಪವಿತ್ರವಾದದ್ದರ ಮುಂದಿನ ಸಂಕೋಚವನ್ನೂ, ಮನಸ್ಸಿನಲ್ಲಿಟ್ಟುಕೊಂಡು ನಮ್ಮ ದೂರದರ್ಶನವನ್ನು ನೋಡಬೇಕು.

1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರ ಬೆಳಿಗ್ಗೆ ರಮಾನಂದ ಸಾಗರರ ‘ರಾಮಾಯಣ’ ಪ್ರಸಾರವಾಯಿತು. ಬೀದಿಗಳು ಬರಿದಾದದ್ದು, ಟಿವಿ ಪೆಟ್ಟಿಗೆಗೆ ಹೂಮಾಲೆ ಬಿದ್ದದ್ದು ಎಲ್ಲರಿಗೂ ತಿಳಿದ ಸಂಗತಿ. ಅದರ ರಾಜಕೀಯ ಫಲವನ್ನು ಕುರಿತು ಅರವಿಂದ ರಾಜಗೋಪಾಲರಂಥ ವಿದ್ವಾಂಸರು ವಿಸ್ತಾರವಾಗಿ ಬರೆದಿದ್ದಾರೆ; ನೂರಾರು ರಾಮಕಥೆಗಳ ನಾಡಿನಲ್ಲಿ ಒಂದೇ ಕಥನ ಪ್ರಮಾಣವಾಗಿಬಿಡುವ ಅಪಾಯವನ್ನು ರೊಮಿಲಾ ಥಾಪರ್ ಅಂದೇ ಎತ್ತಿತೋರಿಸಿದ್ದರು. ತೊರವೆಯ ನರಹರಿಯಿಂದ ಕುವೆಂಪು ಅವರವರೆಗೆ ರಾಮಕಥೆಯನ್ನು ಬಗೆಬಗೆಯಾಗಿ ಹೇಳಿಕೊಂಡ, ಯಕ್ಷಗಾನದ ಅರ್ಥಧಾರಿಗೆ ರಾವಣನ ಪರವಾಗಿಯೂ ವಾದಿಸಲು ರಾತ್ರಿಯಿಡೀ ಅವಕಾಶವಿತ್ತ ಕನ್ನಡಿಗರಿಗೆ ಆ ಮಾತು ಹೊಸದಲ್ಲ. ನಮ್ಮ ಚರ್ಚೆಗಳಲ್ಲಿ ಅಷ್ಟಾಗಿ ಬಾರದ ಒಂದು ಘಟನೆ ಮಾತ್ರ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಧಾರಾವಾಹಿ ಪಟ್ಟಾಭಿಷೇಕದೊಡನೆ ಮುಗಿಯಲಿದೆಯೆಂದು ತಿಳಿದಾಗ ಉತ್ತರಭಾರತದ ಹಲವು ನಗರಗಳಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದರು. ಅವರು ವಾಲ್ಮೀಕಿ ಸಮುದಾಯದವರು. ಉತ್ತರಕಾಂಡವಿಲ್ಲದಿದ್ದರೆ ಸೀತೆಗೆ ಆಶ್ರಯ ಕೊಟ್ಟ, ಲವಕುಶರನ್ನು ಬೆಳೆಸಿದ ತಮ್ಮ ವಾಲ್ಮೀಕಿಗೆ ಕಥೆಯಲ್ಲಿ ಸ್ಥಳವೆಲ್ಲಿ ಎಂಬುದು ಅವರ ಪ್ರಶ್ನೆ. ಕೊನೆಗೆ ಉತ್ತರರಾಮಾಯಣವೂ ತೆರೆಗೆ ಬಂತು. ಪಟ್ಟಾಭಿಷೇಕದಲ್ಲಿಯೇ ಕಥೆ ಮುಗಿದರೆ ಅರಮನೆಗೆ ತೃಪ್ತಿ. ಕಾಡಿಗೆ ಅಟ್ಟಲ್ಪಟ್ಟವಳ ಕಥೆ ಬೇಕೆಂದು ಹಟ ಹಿಡಿದವರು ನಗರದ ಕೊಳೆ ಹೊರುವವರು. ಪ್ರವಾದಿಗಳ ಗ್ರಂಥಗಳನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಇದರಲ್ಲಿ ಪರಿಚಿತ ಧ್ವನಿಯೊಂದು ಕೇಳಿಸಬೇಕು. ಅವರು ಕೇಳಿದ್ದು ಪಾಲನ್ನಲ್ಲ, ಕಥೆ ಪೂರ್ಣವಾಗಿ ಹೇಳಲ್ಪಡಬೇಕೆಂಬ ನ್ಯಾಯವನ್ನು.

‘ರಾಮಾಯಣ’ ನಡೆಯುತ್ತಿದ್ದ ಕಾಲದಲ್ಲಿಯೇ, 1988ರ ಜನವರಿಯಲ್ಲಿ, ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿ ನಿರ್ದೇಶಿಸಿದ ‘ತಮಸ್’ ಇದೇ ದೂರದರ್ಶನದಲ್ಲಿ ಬಂತು. ಅದನ್ನು ಯಾರೂ ಧಾರ್ಮಿಕ ಕಾರ್ಯಕ್ರಮವೆಂದು ಕರೆಯಲಿಲ್ಲ. ಬಡ ಚರ್ಮಕಾರನೊಬ್ಬನಿಂದ ಹಂದಿಯೊಂದನ್ನು ಕೊಲ್ಲಿಸಿ, ಅದರ ಕಳೇಬರವನ್ನು ಮಸೀದಿಯ ಮೆಟ್ಟಿಲ ಮೇಲೆ ಹಾಕಿಸುವುದರಿಂದ ಕಥೆ ಬೆಳೆಯುತ್ತದೆ. ಅಲ್ಲಿಂದ ಗಾಳಿಮಾತು, ಗಾಳಿಮಾತಿನಿಂದ ಬೆಂಕಿ. ಪ್ರಸಾರ ನಿಲ್ಲಿಸಬೇಕೆಂದು ಕೋರಿದ ಅರ್ಜಿಯನ್ನು ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು ಧಾರಾವಾಹಿಯನ್ನು ತಾವೇ ನೋಡಿ ತಳ್ಳಿಹಾಕಿದರು; ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಒಂಬತ್ತನೆಯ ಆಜ್ಞೆಯನ್ನು ಅಳತೆಗೋಲಾಗಿ ಹಿಡಿದರೆ ದೂರದರ್ಶನದ ಚರಿತ್ರೆಯಲ್ಲಿ ‘ತಮಸ್’ನಷ್ಟು ಆಳವಾದ ಧಾರ್ಮಿಕ ಕಾರ್ಯಕ್ರಮ ಮತ್ತೊಂದಿಲ್ಲವೆಂದು ನಾನು ಹೇಳುತ್ತೇನೆ. ನೆರೆಯವನ ಬಗೆಗೆ ಹುಟ್ಟಿಸಿದ ಒಂದು ಸುಳ್ಳು ಹೇಗೆ ಊರನ್ನು ಸುಡುತ್ತದೆ ಎಂಬುದನ್ನು ಅದು ಯಾವ ಮತವನ್ನೂ ಹೀಗಳೆಯದೆ ತೋರಿಸಿತು.

ಆಮೇಲಿನ ಹಾದಿ ಬೇರೆ. 1990ರಲ್ಲಿ ಅಂಗೀಕಾರವಾಗಿ 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಕಾಯಿದೆಯು ಸಂವಿಧಾನದ ಮೌಲ್ಯಗಳನ್ನು ಎತ್ತಿಹಿಡಿಯುವುದನ್ನೂ, ನಾಡಿನ ವಿವಿಧ ಸಂಸ್ಕೃತಿಗಳಿಗೆ ಸ್ಥಾನ ಕೊಡುವುದನ್ನೂ, ಅಲ್ಪಸಂಖ್ಯಾತರ ಹಾಗೂ ಬುಡಕಟ್ಟು ಜನರ ವಿಶೇಷ ಅಗತ್ಯಗಳಿಗೆ ತಕ್ಕ ಕಾರ್ಯಕ್ರಮಗಳನ್ನು ಕೊಡುವುದನ್ನೂ ಸಂಸ್ಥೆಯ ಕರ್ತವ್ಯವಾಗಿ ವಿಧಿಸಿತು. 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತಿತ್ತು. ಅದೇ ಸಾರ್ವಜನಿಕ ಸ್ವತ್ತಿನ ಮೂಲಕ 2020ರ ಆಗಸ್ಟ್ 5ರಂದು ಅಯೋಧ್ಯೆಯ ಭೂಮಿಪೂಜೆಯೂ 2024ರ ಜನವರಿ 22ರಂದು ಪ್ರಾಣಪ್ರತಿಷ್ಠೆಯೂ ನೇರಪ್ರಸಾರವಾದವು. ಎರಡರಲ್ಲೂ ಪ್ರಧಾನಮಂತ್ರಿಯೇ ಕೇಂದ್ರದಲ್ಲಿದ್ದರು. ಆ ವರ್ಷದ ಮಾರ್ಚಿನಲ್ಲಿ ಅಲ್ಲಿನ ಬೆಳಗಿನ ಆರತಿಯನ್ನು ಪ್ರತಿದಿನವೂ ತೋರಿಸುವುದಾಗಿ ದೂರದರ್ಶನ ಪ್ರಕಟಿಸಿತು. ಇದನ್ನು ವಿಮರ್ಶಿಸುವಾಗ ನಾವು ವೆಸ್ಟ್‌ಮಿನ್‌ಸ್ಟರನ್ನು ಮರೆತು ಮಾತನಾಡಿದರೆ ಅದೂ ಒಂದು ಬಗೆಯ ಸುಳ್ಳುಸಾಕ್ಷಿಯೇ. ರಾಜ್ಯಾಧಿಕಾರವೂ ಬಹುಸಂಖ್ಯಾತರ ವೇದಿಯೂ ಒಂದೇ ಚೌಕಟ್ಟಿನಲ್ಲಿ ಕಾಣಿಸಿಕೊಳ್ಳುವುದು ಕ್ರೈಸ್ತ ಇಂಗ್ಲೆಂಡಿನಲ್ಲಿ ಹಳೆಯ ವಾಡಿಕೆ. ಎರಡೂ ಕಡೆ ಕ್ಯಾಮೆರಾ ತೋರಿಸುವುದು ಪ್ರಧಾನವಾಗಿ ಪ್ರಭುತ್ವವನ್ನು. ಭಕ್ತಿಯು ಅದಕ್ಕೆ ಹಿನ್ನೆಲೆಯಾಗುತ್ತದೆ. ರಾಮನಿಗೆ ಕೈಮುಗಿಯುವ ನನ್ನ ನೆರೆಯವಳ ಅಂತರಂಗ ಅದರಿಂದ ನನಗೆ ತಿಳಿಯಲಿಲ್ಲ. ಆಕೆಗೆ ಸಿಕ್ಕಿದ್ದು ದರ್ಶನವಿರಬಹುದು, ನನಗೆ ಸಿಕ್ಕಿದ್ದು ಸಮಾರಂಭ.

2024ರ ಏಪ್ರಿಲ್ 5ರ ಪ್ರಸಾರವಂತೂ ನಮ್ಮನ್ನೇ ನೇರವಾಗಿ ಪ್ರಶ್ನಿಸುತ್ತದೆ. ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಕೇರಳದ ಮುಖ್ಯಮಂತ್ರಿಯೂ ವಿರೋಧಪಕ್ಷದ ನಾಯಕರೂ ಬೇಡವೆಂದರೂ, ದೂರದರ್ಶನವು ‘ದಿ ಕೇರಳ ಸ್ಟೋರಿ’ಯನ್ನು ಪ್ರಸಾರ ಮಾಡಿತು. ಮತಾಂತರಗೊಂಡ ಯುವತಿಯರ ಸಂಖ್ಯೆಯನ್ನು 32,000 ಎಂದು ಆರಂಭದಲ್ಲಿ ಸಾರಿದ್ದ ಪ್ರಚಾರಚಿತ್ರ ವಿವಾದವೆದ್ದ ಮೇಲೆ ಮೂವರಿಗೆ ಇಳಿದಿತ್ತು. 32,000ಕ್ಕೂ ಮೂರಕ್ಕೂ ನಡುವಿನ ಅಂತರವನ್ನು ಅಳೆಯಲು ದೈವಶಾಸ್ತ್ರದ ಪದವಿ ಬೇಕಿಲ್ಲ. ಆದರೂ ಆ ತಿಂಗಳು ಸೀರೊ-ಮಲಬಾರ್ ಸಭೆಯ ಇಡುಕ್ಕಿ ಧರ್ಮಪ್ರಾಂತವು ತನ್ನ ಧರ್ಮೋಪದೇಶ ತರಗತಿಯ ಮಕ್ಕಳಿಗೆ ಆ ಚಿತ್ರವನ್ನು ತೋರಿಸಿತು. ಸಾರ್ವಜನಿಕ ಪ್ರಸಾರವೂ ಸಭೆಯ ಬೋಧನಾಪೀಠವೂ ಒಂದೇ ತಿಂಗಳು ಒಂದೇ ಚಿತ್ರಕ್ಕೆ ತೆರೆಯಾದವು. ಅಲ್ಪಸಂಖ್ಯಾತರು ಎಂಬ ಕಾರಣಕ್ಕೆ ನಾವು ಆಜ್ಞೆಯಿಂದ ಹೊರಗಿಲ್ಲ.

ಇನ್ನು ನಮಗೆ ಸಿಕ್ಕ ಪಾಲಿನ ವಿಚಾರ. ಕ್ರಿಸ್ತಜಯಂತಿಯ ಅರ್ಧ ಗಂಟೆಯಲ್ಲಿ ನಾವು ತೋರಿಸಿಕೊಳ್ಳುವುದು ಏನು? ಅಲಂಕೃತ ಗೋದಲಿ, ಬಿಳಿಯ ನಿಲುವಂಗಿಯ ಗಾಯಕರು, ಸರ್ವರಿಗೂ ಶಾಂತಿ ಎನ್ನುವ ಸಂದೇಶ. ಇದರಲ್ಲಿ ತಪ್ಪೇನೂ ಇಲ್ಲ, ತಿಳಿಯುವಂಥದ್ದೂ ಏನೂ ಇಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿಯೂ ರಾಜ್ಯದ ಬೇರೆಡೆಗಳಲ್ಲಿಯೂ ಪ್ರಾರ್ಥನಾಮಂದಿರಗಳ ಮೇಲೆ ದಾಳಿಗಳಾದಾಗ, 2021–22ರಲ್ಲಿ ಮತಾಂತರ ಮಸೂದೆಯ ಚರ್ಚೆ ಕಾವೇರಿದಾಗ, ನಮ್ಮ ಪ್ರಾರ್ಥನಾಕೂಟದೊಳಗೆ ನಡೆಯುವುದೇನು ಎಂಬುದು ನಾಡಿನ ಬಹುಪಾಲು ಜನಕ್ಕೆ ತಿಳಿದಿರಲಿಲ್ಲ. ತಿಳಿಯದ ಜಾಗದಲ್ಲಿ ಗಾಳಿಮಾತು ಮನೆಮಾಡುತ್ತದೆ. ವರ್ಷಗಟ್ಟಲೆ ಪ್ರಸಾರವಾದ ಆ ಅರ್ಧ ಗಂಟೆಗಳು ಆ ದಿನ ನಮ್ಮ ನೆರವಿಗೆ ಬರಲಿಲ್ಲ, ಏಕೆಂದರೆ ಅವನ್ನು ನೋಡಿದವರು ಬಹುತೇಕ ನಾವೇ. ಅತ್ತ ಖಾಸಗಿ ಉಪಗ್ರಹವಾಹಿನಿಗಳಲ್ಲಿ ಹಣ ಕೊಟ್ಟು ಹೊತ್ತು ಕೊಳ್ಳುವ ಸ್ವಸ್ಥತಾ ಪ್ರಚಾರಕರ ಅಬ್ಬರ ಸೇರಿದರೆ, ಹೊರಗಿನವನಿಗೆ ಸಿಗುವ ಕ್ರೈಸ್ತನ ಚಿತ್ರ ಎರಡೇ: ಮೌನವಾದ ಗೋದಲಿ, ಇಲ್ಲವೇ ಅರಚುವ ವೇದಿಕೆ. ಬೋರ್‌ವೆಲ್ ಬತ್ತಿದ ಊರಿನಲ್ಲಿ ಟ್ಯಾಂಕರಿಗೆ ಕಾಯುವ ಕ್ರೈಸ್ತ ರೈತ, ರಾತ್ರಿಪಾಳಿಯ ದಾದಿ, ಮೀಸಲಾತಿಯ ಅಂಚಿನಲ್ಲಿ ನಿಂತ ದಲಿತ ಕ್ರೈಸ್ತ ಇಬ್ಬರ ಪರದೆಯಲ್ಲಿಯೂ ಇಲ್ಲ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಮತನಿರಪೇಕ್ಷ ರಾಜ್ಯದ ಪ್ರಸಾರಸಂಸ್ಥೆ ಧರ್ಮದ ಗೊಡವೆಗೇ ಹೋಗಬಾರದು ಎಂಬುದು ಮೊದಲನೆಯದು. ಕೇಳಲು ಹಿತವಾದ ಮಾತು. ಆದರೆ ಕೋಟಿಗಟ್ಟಲೆ ಜನರ ಹುಟ್ಟು ಸಾವು ಉಪವಾಸ ಹಬ್ಬಗಳನ್ನು ನಿಯಂತ್ರಿಸುವ ಸಂಗತಿಯ ಬಗೆಗೆ ಸಾರ್ವಜನಿಕ ಸಂಸ್ಥೆ ಮೌನ ತಾಳಿದರೆ, ಆ ಜಾಗವನ್ನು ತುಂಬುವುದು ಮೊಬೈಲಿನ ಗಾಳಿಸುದ್ದಿ. ಎರಡನೆಯದು ನಮ್ಮೊಳಗಿನ ಆಕ್ಷೇಪ: ಆರಾಧನೆಯನ್ನು ಬಿಟ್ಟು ‘ಧರ್ಮದ ಬಗೆಗಿನ’ ಕಾರ್ಯಕ್ರಮಕ್ಕೆ ಒಪ್ಪಿದರೆ ಸುವಾರ್ತೆಯು ಬರಿಯ ಮಾಹಿತಿಯಾಗುವುದಿಲ್ಲವೇ? ಪೌಲನು ಅರಿಯೊಪಾಗದಲ್ಲಿ ಮಾಡಿದ್ದನ್ನು ನೆನೆಯೋಣ. ಆತ ಮೊದಲು ಆ ಪಟ್ಟಣದಲ್ಲಿ ಅಲೆದು ಅವರ ಪೂಜಾಸ್ಥಳಗಳನ್ನು ಕಣ್ಣಿಟ್ಟು ನೋಡಿದ, ಅವರ ಕವಿಗಳನ್ನು ತಿಳಿದಿದ್ದ, ಆಮೇಲೆ ಮಾತನಾಡಿದ. ಚೌಕದಲ್ಲಿ ನಿಂತು ರೊಟ್ಟಿ ಮುರಿಯಲಿಲ್ಲ. ರೊಟ್ಟಿ ಮುರಿದದ್ದು ಮನೆಗಳಲ್ಲಿ. ಸಾರ್ವಜನಿಕ ಚೌಕಕ್ಕೆ ಯಾವುದು, ಮನೆಗೆ ಯಾವುದು ಎಂಬ ವಿವೇಕ ಆದಿಸಭೆಗಿತ್ತು.

ಕನ್ನಡದ ‘ಚಂದನ’ ವಾಹಿನಿಯಿಂದ ಇಂಥದ್ದು ಸಾಧ್ಯವೇ ಎಂದು ಕೇಳುವವರು ‘ಥಟ್ ಅಂತ ಹೇಳಿ’ಯನ್ನು ನೋಡಲಿ. ಆಡಂಬರವಿಲ್ಲದ ಒಂದು ಮೇಜು, ಬಹುಮಾನಕ್ಕೆ ಕನ್ನಡ ಪುಸ್ತಕ. ಇಷ್ಟರಿಂದಲೇ ಅದು ವರ್ಷಗಟ್ಟಲೆ ಮನೆಮಾತಾಗಿ ಉಳಿದಿದೆ. ಅದೇ ತಾಳ್ಮೆಯಲ್ಲಿ ನೆರೆಯವರ ನಂಬಿಕೆಯನ್ನು ಕುರಿತ ಕಾರ್ಯಕ್ರಮವೊಂದನ್ನು ಊಹಿಸಬಹುದು. ಮುಸ್ಲಿಮರೇ ಇಲ್ಲದ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿಯೂ ಮೊಹರಂ ದೇವರು ಹೊರುವುದೇಕೆ? ಸೆಪ್ಟೆಂಬರ್ 8ರಂದು ಕರಾವಳಿಯ ಕಥೋಲಿಕರು ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವುದು ಹೇಗೆ? ಶಿವಾಜಿನಗರದ ಮರಿಯಮ್ಮನ ಜಾತ್ರೆಗೂ ಅತ್ತೂರಿನ ಸಂತ ಲಾರೆನ್ಸರ ಉತ್ಸವಕ್ಕೂ ಹಿಂದೂಗಳು ಹರಕೆ ಹೊತ್ತು ಬರುವುದು ಯಾವ ನಂಬಿಕೆಯಿಂದ? ಇವನ್ನು ಆಯಾ ಜನರ ಬಾಯಿಂದಲೇ ಹೇಳಿಸಬೇಕು. ಹೇಳಿದ್ದನ್ನು ಕೇಳಿ ಅವರೇ ‘ಹೌದು, ಇದು ನಾವು’ ಎನ್ನಬೇಕು. ಕಠಿಣವಾದದ್ದನ್ನೂ ಬಿಡಬಾರದು: ಸ್ಮಶಾನದಲ್ಲಿಯೂ ಜಾತಿ ಉಳಿಸಿಕೊಂಡ ಸಭೆಗಳು, ಮದುವೆಯಾಗಿ ಮತ ಬದಲಿಸಿದವರ ಮನೆಗಳು.

ನಮ್ಮದೇ ಚರಿತ್ರೆಯಲ್ಲಿ ಇದಕ್ಕೆ ಪೂರ್ವನಿದರ್ಶನವಿದೆ. 1843ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಊರ ವರ್ತಮಾನವನ್ನೂ ಸರಕಾರದ ನಿಬಂಧನೆಗಳನ್ನೂ ಎಲ್ಲ ಮತದ ಓದುಗರ ಮುಂದಿಟ್ಟಿತು. ಕೆಲವೇ ವರ್ಷಗಳಲ್ಲಿ ಆತ ದಾಸರ ಪದಗಳನ್ನೂ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದ. ಮೋಗ್ಲಿಂಗನ ಉದ್ದೇಶ ಮಿಶ್ರವಾಗಿತ್ತು, ಆತ ಮಿಶನರಿಯೇ ಆಗಿದ್ದ, ಅದನ್ನು ಮರೆಮಾಚಬೇಕಿಲ್ಲ. ಆದರೆ ನೆರೆಯವನು ಹಾಡುವುದನ್ನು ಅವನ ಮಾತಿನಲ್ಲಿಯೇ ಅಚ್ಚುಮಾಡಿದ್ದರಿಂದ, ಆ ಪುಟಗಳು ಅಚ್ಚುಮಾಡಿದವನ ಉದ್ದೇಶವನ್ನು ಮೀರಿ ಹರಿದಾಸರ ಭಕ್ತರ ಕೈ ಸೇರಿದವು.

ಪ್ರಸಾರ ಭಾರತಿಗೆ ಸಲ್ಲಿಸುವ ಮುಂದಿನ ಮನವಿಯನ್ನು ಬರೆಯಲಿರುವ ನಮ್ಮ ಮಂಡಲಿಗಳು ಮಧ್ಯರಾತ್ರಿಯ ಆರಾಧನೆಯ ಅವಧಿಯನ್ನು ಹೆಚ್ಚಿಸಬೇಕೆಂಬ ಸಾಲನ್ನು ತೆಗೆದುಹಾಕಿ, ಆ ಜಾಗದಲ್ಲಿ ಮೊಹರಂ ಕುರಿತ ಒಂದು ಕಾರ್ಯಕ್ರಮವನ್ನು ಕೇಳಲಿ. ಕಾಯಿದೆಯ ಹನ್ನೆರಡನೆಯ ಪ್ರಕರಣವನ್ನು ಉಲ್ಲೇಖಿಸಿ ಕೇಳಲಿ. ಮನವಿಗೆ ಸಹಿ ಹಾಕಲು ಊರಿನ ಮಸೀದಿಯವರನ್ನೂ ಮಠದವರನ್ನೂ ಕರೆಯಲಿ. ಅವರು ಬರುತ್ತಾರೋ ಇಲ್ಲವೋ ಎಂಬುದು ಕರೆದ ಮೇಲೆ ತಿಳಿಯುವ ವಿಷಯ.